ವೊಡಾಫೋನ್ ತೆರಿಗೆ ಪ್ರಕರಣ

ವೊಡಾಫೋನ್ ತೆರಿಗೆ ಪ್ರಕರಣವು ಬ್ರಿಟನ್ ಮೂಲದ ದೂರಸಂಪರ್ಕ ಸಮೂಹವಾದ ವೊಡಾಫೋನ್ ಮತ್ತು ಭಾರತದ ಆದಾಯ ತೆರಿಗೆ ಇಲಾಖೆಯ ನಡುವೆ 2007ರಲ್ಲಿ ಆರಂಭವಾದ ಕಾನೂನು ವಿವಾದ. ಭಾರತದ ಹೊರಗೆ ನೋಂದಣಿಯಾದ ಎರಡು ಕಂಪನಿಗಳು ಭಾರತದ ಹೊರಗಿನ ಮೂರನೆಯ ಕಂಪನಿಯೊಂದರ ಷೇರನ್ನು ಪರಸ್ಪರ ಮಾರಿ ಕೊಂಡಾಗ, ಆ ಷೇರಿನ ಬೆಲೆ ಭಾರತದಲ್ಲಿರುವ ಉದ್ಯಮದಿಂದಲೇ ಬಂದದ್ದಾದರೆ ಭಾರತ ಸರ್ಕಾರ ತೆರಿಗೆ ವಿಧಿಸಬಹುದೇ ಎಂಬುದು ಈ ಪ್ರಕರಣದ ಮೂಲ ಪ್ರಶ್ನೆ. ವಿಧಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2012ರ ಜನವರಿ 20ರಂದು ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಆದಾಯ ತೆರಿಗೆ ಕಾಯಿದೆಯನ್ನು 1962ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ತಿದ್ದುಪಡಿ ಮಾಡಿದ್ದರಿಂದ ವಿವಾದವು ಹೊಸ ರೂಪ ತಳೆದು ಅಂತರರಾಷ್ಟ್ರೀಯ ಮಧ್ಯಸ್ಥಿಕೆಯವರೆಗೆ ಸಾಗಿತು. 2021ರಲ್ಲಿ ಸಂಸತ್ತು ಈ ಪೂರ್ವಾನ್ವಯ ತೆರಿಗೆಯನ್ನು ಕೈಬಿಟ್ಟಿತು.

ಪಾರಿಭಾಷಿಕ ಪದಗಳು

ಬಂಡವಾಳ ಲಾಭ: ಭೂಮಿ, ಕಟ್ಟಡ, ಷೇರು ಮೊದಲಾದ ಬಂಡವಾಳ ಆಸ್ತಿಯನ್ನು ಕೊಂಡ ಬೆಲೆಗಿಂತ ಹೆಚ್ಚಿನ ಬೆಲೆಗೆ ಮಾರಿದಾಗ ದೊರೆಯುವ ಲಾಭ.

ಹಿಡುವಳಿ ಕಂಪನಿ: ಸ್ವತಃ ವ್ಯಾಪಾರ ನಡೆಸದೆ, ಇತರ ಕಂಪನಿಗಳ ಷೇರುಗಳನ್ನು ಹೊಂದಿರುವುದಕ್ಕಾಗಿಯೇ ಸ್ಥಾಪಿತವಾದ ಕಂಪನಿ.

ಪರೋಕ್ಷ ವರ್ಗಾವಣೆ: ಒಂದು ದೇಶದಲ್ಲಿರುವ ಆಸ್ತಿಯನ್ನು ನೇರವಾಗಿ ಮಾರದೆ, ಆ ಆಸ್ತಿಯ ಒಡೆತನ ಹೊಂದಿರುವ ಹೊರದೇಶದ ಕಂಪನಿಯ ಷೇರುಗಳನ್ನು ಮಾರುವುದು. ಉದಾಹರಣೆಗೆ, ಹುಬ್ಬಳ್ಳಿಯಲ್ಲಿ ಕಾರ್ಖಾನೆ ನಡೆಸುವ ಒಂದು ಕಂಪನಿಯ ಎಲ್ಲ ಷೇರುಗಳು ಹೊರದೇಶದ ಹಿಡುವಳಿ ಕಂಪನಿಯೊಂದರ ಕೈಯಲ್ಲಿವೆ ಎಂದಿಟ್ಟುಕೊಳ್ಳೋಣ. ಆ ಹಿಡುವಳಿ ಕಂಪನಿಯನ್ನೇ ಬೇರೊಬ್ಬರಿಗೆ ಮಾರಿದರೆ ಹುಬ್ಬಳ್ಳಿಯ ದಾಖಲೆಗಳಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಆದರೆ ಕಾರ್ಖಾನೆಯ ಹತೋಟಿ ಕೈಬದಲಾಗಿರುತ್ತದೆ.

ಪೂರ್ವಾನ್ವಯ ಶಾಸನ: ತಾನು ಅಂಗೀಕೃತವಾಗುವುದಕ್ಕೆ ಮೊದಲೇ ನಡೆದುಹೋದ ವ್ಯವಹಾರಗಳಿಗೂ ಅನ್ವಯವಾಗುವ ಶಾಸನ.

ಮೂಲದಲ್ಲಿ ತೆರಿಗೆ ಕಡಿತ: ಹಣ ಪಾವತಿಸುವವರು, ಪಡೆಯುವವರ ಪರವಾಗಿ ತೆರಿಗೆಯ ಭಾಗವನ್ನು ಮುಂಚಿತವಾಗಿಯೇ ಹಿಡಿದುಕೊಂಡು ಸರ್ಕಾರಕ್ಕೆ ಸಂದಾಯ ಮಾಡುವ ವ್ಯವಸ್ಥೆ. ಇದು ಟಿಡಿಎಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಹಿನ್ನೆಲೆ

ಹಾಂಗ್‌ಕಾಂಗ್‌ನ ಹಚಿಸನ್ ಸಮೂಹವು 1992ರಲ್ಲಿ ಭಾರತದ ದೂರಸಂಪರ್ಕ ಕ್ಷೇತ್ರದಲ್ಲಿ ಮೊದಲು ಬಂಡವಾಳ ಹೂಡಿತು. ಭಾರತೀಯ ಪಾಲುದಾರರೊಂದಿಗೆ ಸ್ಥಾಪಿಸಿದ ಹಚಿಸನ್ ಮ್ಯಾಕ್ಸ್ ಟೆಲಿಕಾಂ ಎಂಬ ಕಂಪನಿಯು 2005ರಲ್ಲಿ ಹಚಿಸನ್ ಎಸ್ಸಾರ್ ಎಂದು ಮರುನಾಮಕರಣಗೊಂಡಿತು. ಇದರ ಮೊಬೈಲ್ ಸೇವೆಯು ಜನಸಾಮಾನ್ಯರಿಗೆ 'ಹಚ್' ಎಂಬ ಹೆಸರಿನಿಂದ ಪರಿಚಿತವಾಗಿತ್ತು.

ಈ ಭಾರತೀಯ ಕಂಪನಿಯಲ್ಲಿದ್ದ ತನ್ನ ಪಾಲನ್ನು ಹಚಿಸನ್ ಸಮೂಹವು ಮಾರಿಷಸ್ ಮತ್ತಿತರ ಕಡೆ ನೋಂದಣಿಯಾದ ಹಲವು ಹಿಡುವಳಿ ಕಂಪನಿಗಳ ಮೂಲಕ ಹೊಂದಿತ್ತು. ಈ ಸರಣಿಯ ಮೇಲ್ತುದಿಯಲ್ಲಿ ಸಿಜಿಪಿ ಇನ್‌ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯಿತ್ತು. ಅದು 1998ರ ಜನವರಿ 12ರಂದು ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿತ್ತು. ಬಂಡವಾಳ ಲಾಭಕ್ಕೆ ಕೇಮನ್ ದ್ವೀಪಗಳಲ್ಲಿ ತೆರಿಗೆಯಿಲ್ಲ.

2007ರ ವ್ಯವಹಾರ

2007ರ ಫೆಬ್ರವರಿ 11ರಂದು ನೆದರ್‌ಲೆಂಡ್ಸ್‌ನಲ್ಲಿ ನೋಂದಣಿಯಾದ ವೊಡಾಫೋನ್ ಇಂಟರ್‌ನ್ಯಾಷನಲ್ ಹೋಲ್ಡಿಂಗ್ಸ್ ಕಂಪನಿಯು ಹಚಿಸನ್ ಟೆಲಿಕಮ್ಯುನಿಕೇಷನ್ಸ್ ಇಂಟರ್‌ನ್ಯಾಷನಲ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೊಳ್ಳಲಾದದ್ದು ಸಿಜಿಪಿ ಕಂಪನಿಯ ಏಕೈಕ ಷೇರು. ಅದರ ಬೆಲೆ ಸುಮಾರು 11.1 ಶತಕೋಟಿ ಅಮೆರಿಕನ್ ಡಾಲರ್. ಹಚಿಸನ್ ಎಸ್ಸಾರ್‌ನ ಸುಮಾರು ಶೇ. 67ರಷ್ಟು ಪಾಲಿನ ಮೇಲಿನ ಪರೋಕ್ಷ ಹಕ್ಕು ಈ ಒಂದು ಷೇರಿನ ಮೂಲಕ ವೊಡಾಫೋನ್‌ಗೆ ಲಭಿಸಿತು. ಇದರಲ್ಲಿ ಸುಮಾರು ಶೇ. 15ರಷ್ಟು ಭಾಗವು ಭಾರತೀಯ ಪಾಲುದಾರರಿಂದ ಮುಂದೆ ಷೇರು ಕೊಳ್ಳುವ ಆಯ್ಕೆಯ ರೂಪದಲ್ಲಿತ್ತು. ವಿದೇಶಿ ಹೂಡಿಕೆ ಉತ್ತೇಜನಾ ಮಂಡಳಿಯ ಅನುಮತಿ ದೊರೆತ ಬಳಿಕ 2007ರ ಮೇ 8ರಂದು ವ್ಯವಹಾರ ಪೂರ್ಣಗೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 'ಹಚ್' ಹೆಸರು ಮರೆಯಾಗಿ 'ವೊಡಾಫೋನ್' ಹೆಸರು ಬಳಕೆಗೆ ಬಂದಿತು.

ಮಾರಿದವರು ಅನಿವಾಸಿಗಳು, ಕೊಂಡವರು ಅನಿವಾಸಿಗಳು, ಷೇರು ಹೊರದೇಶದ ಕಂಪನಿಯದು, ಹಣ ಸಂದಾಯವಾದದ್ದೂ ಹೊರದೇಶದಲ್ಲಿ. ಆದರೂ ಆ ಬೆಲೆಗೆ ಕಾರಣವಾದ ಪರವಾನಗಿಗಳು, ಗೋಪುರಗಳು ಮತ್ತು ಗ್ರಾಹಕರು ಇದ್ದದ್ದು ಭಾರತದಲ್ಲಿ. ಮುಂದಿನ ಹದಿನಾಲ್ಕು ವರ್ಷಗಳ ವಾದವಿವಾದವೆಲ್ಲ ಈ ಎರಡು ಸಂಗತಿಗಳಲ್ಲಿ ಯಾವುದಕ್ಕೆ ಕಾನೂನು ಪ್ರಾಧಾನ್ಯ ಕೊಡುತ್ತದೆ ಎಂಬುದರ ಸುತ್ತ ನಡೆಯಿತು.

ತೆರಿಗೆ ಇಲಾಖೆಯ ನಿಲುವು

1961ರ ಆದಾಯ ತೆರಿಗೆ ಕಾಯಿದೆಯ 9ನೆಯ ಸೆಕ್ಷನ್ನಿನ ಪ್ರಕಾರ, ಭಾರತದಲ್ಲಿರುವ ಬಂಡವಾಳ ಆಸ್ತಿಯ ವರ್ಗಾವಣೆಯಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಉಂಟಾಗುವ ಆದಾಯವು ಭಾರತದಲ್ಲಿ ಉಂಟಾದ ಆದಾಯವೆಂದೇ ಪರಿಗಣಿತವಾಗುತ್ತದೆ. ಷೇರಿನ ನೆಪದಲ್ಲಿ ಮಾರಾಟವಾದದ್ದು ಭಾರತೀಯ ಕಂಪನಿಯ ಹತೋಟಿಯೇ ಆದ್ದರಿಂದ ಹಚಿಸನ್ ಗಳಿಸಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಸಲ್ಲಬೇಕು ಎಂಬುದು ಇಲಾಖೆಯ ವಾದವಾಗಿತ್ತು.

ಲಾಭ ಗಳಿಸಿದ್ದು ಹಚಿಸನ್ ಆಗಿದ್ದರೂ ನೋಟಿಸು ಬಂದದ್ದು ವೊಡಾಫೋನ್‌ಗೆ. ಇದಕ್ಕೆ ಕಾರಣ ಕಾಯಿದೆಯ 195ನೆಯ ಸೆಕ್ಷನ್. ಅನಿವಾಸಿಗೆ ಭಾರತದಲ್ಲಿ ತೆರಿಗೆಗೆ ಒಳಪಡುವ ಹಣವನ್ನು ಪಾವತಿಸುವವರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೆಂದು ಅದು ವಿಧಿಸುತ್ತದೆ. ವೊಡಾಫೋನ್ ಹಾಗೆ ಮಾಡದ ಕಾರಣ ಅದನ್ನು ಬಾಕಿದಾರನೆಂದು ಏಕೆ ಪರಿಗಣಿಸಬಾರದು ಎಂದು ಕೇಳಿ ಇಲಾಖೆಯು 2007ರ ಸೆಪ್ಟೆಂಬರ್‌ನಲ್ಲಿ 201ನೆಯ ಸೆಕ್ಷನ್ನಿನಡಿ ನೋಟಿಸು ನೀಡಿತು. ಹೀಗಾಗಿ, ಆ ವ್ಯವಹಾರದಲ್ಲಿ ಲಾಭ ಪಡೆಯದೆ ಹಣ ತೆತ್ತವರೇ ಅದರ ತೆರಿಗೆಗೆ ಹೊಣೆಯಾಗಬೇಕಾದ ಸ್ಥಿತಿ ಉಂಟಾಯಿತು.

ಬಾಂಬೆ ಉಚ್ಚ ನ್ಯಾಯಾಲಯದಲ್ಲಿ

ನೋಟಿಸನ್ನು ಪ್ರಶ್ನಿಸಿ ವೊಡಾಫೋನ್ ಸಲ್ಲಿಸಿದ ರಿಟ್ ಅರ್ಜಿಯನ್ನು ಬಾಂಬೆ ಉಚ್ಚ ನ್ಯಾಯಾಲಯವು 2008ರ ಡಿಸೆಂಬರ್‌ನಲ್ಲಿ ವಜಾಗೊಳಿಸಿತು. ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಜನವರಿಯಲ್ಲಿ, ಈ ವ್ಯವಹಾರದ ಮೇಲೆ ತನಗೆ ಅಧಿಕಾರವ್ಯಾಪ್ತಿ ಇದೆಯೇ ಎಂಬುದನ್ನು ಇಲಾಖೆಯೇ ಮೊದಲು ನಿರ್ಣಯಿಸಲಿ ಎಂದು ನಿರ್ದೇಶಿಸಿತು. ತನಗೆ ಅಧಿಕಾರವಿದೆ ಎಂದು ಇಲಾಖೆಯು 2010ರ ಮೇ 31ರಂದು ಆದೇಶ ಹೊರಡಿಸಿತು.

ಆ ಆದೇಶವನ್ನು ಬಾಂಬೆ ಉಚ್ಚ ನ್ಯಾಯಾಲಯವು 2010ರ ಸೆಪ್ಟೆಂಬರ್ 8ರಂದು ಎತ್ತಿಹಿಡಿಯಿತು. ವ್ಯವಹಾರದಲ್ಲಿ ಕೈಬದಲಾದದ್ದು ಬರಿಯ ಒಂದು ಷೇರಲ್ಲ. ಅದರೊಂದಿಗೆ ಆಡಳಿತದ ಹಕ್ಕು, ಷೇರು ಕೊಳ್ಳುವ ಆಯ್ಕೆಗಳು ಮೊದಲಾದ ಹಲವು ಹಕ್ಕುಗಳೂ ವರ್ಗಾವಣೆಯಾಗಿದ್ದು, ಅವಕ್ಕೆ ಭಾರತದೊಂದಿಗೆ ಸಂಬಂಧವಿದೆ ಎಂದು ಅದು ಅಭಿಪ್ರಾಯಪಟ್ಟಿತು. ಅಕ್ಟೋಬರ್‌ನಲ್ಲಿ ಇಲಾಖೆಯು ಸುಮಾರು 11,218 ಕೋಟಿ ರೂಪಾಯಿಗಳ ಬೇಡಿಕೆ ಸಲ್ಲಿಸಿತು. ಮೇಲ್ಮನವಿಯ ವಿಚಾರಣೆ ಬಾಕಿಯಿದ್ದಾಗ 2,500 ಕೋಟಿ ರೂಪಾಯಿಗಳನ್ನು ಠೇವಣಿ ಇಡುವಂತೆಯೂ 8,500 ಕೋಟಿ ರೂಪಾಯಿಗಳಿಗೆ ಬ್ಯಾಂಕ್ ಖಾತರಿ ಒದಗಿಸುವಂತೆಯೂ ಸರ್ವೋಚ್ಚ ನ್ಯಾಯಾಲಯವು ವೊಡಾಫೋನ್‌ಗೆ ಸೂಚಿಸಿತು.

ಸರ್ವೋಚ್ಚ ನ್ಯಾಯಾಲಯದ ತೀರ್ಪು

ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ, ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಸ್ವತಂತರ್ ಕುಮಾರ್ ಅವರಿದ್ದ ಪೀಠವು 2012ರ ಜನವರಿ 20ರಂದು ಸರ್ವಾನುಮತದಿಂದ ವೊಡಾಫೋನ್ ಪರವಾಗಿ ತೀರ್ಪು ನೀಡಿತು. ನ್ಯಾಯಮೂರ್ತಿ ರಾಧಾಕೃಷ್ಣನ್ ಅವರು ಸಹಮತದ ಪ್ರತ್ಯೇಕ ತೀರ್ಪು ಬರೆದರು. ತೀರ್ಪಿನ ಮುಖ್ಯಾಂಶಗಳು ಹೀಗಿವೆ:

1. 9ನೆಯ ಸೆಕ್ಷನ್ನಿನಲ್ಲಿರುವ 'ನೇರವಾಗಿ ಅಥವಾ ಪರೋಕ್ಷವಾಗಿ' ಎಂಬ ಮಾತುಗಳು ಆದಾಯಕ್ಕೆ ಸಂಬಂಧಿಸಿದವೇ ಹೊರತು ಆಸ್ತಿಯ ವರ್ಗಾವಣೆಗೆ ಸಂಬಂಧಿಸಿದವಲ್ಲ. ಪರೋಕ್ಷ ವರ್ಗಾವಣೆಗೆ ತೆರಿಗೆ ವಿಧಿಸಲು ಶಾಸನದಲ್ಲಿ ಸ್ಪಷ್ಟ ಮಾತುಗಳಿರಬೇಕು. ವ್ಯಾಖ್ಯಾನದ ಮೂಲಕ ನ್ಯಾಯಾಲಯ ಅವನ್ನು ಸೇರಿಸಲಾಗದು. ಪರೋಕ್ಷ ವರ್ಗಾವಣೆಯನ್ನು ತೆರಿಗೆಗೆ ಒಳಪಡಿಸುವ ಪ್ರಸ್ತಾಪವು 2010ರ ನೇರ ತೆರಿಗೆ ಸಂಹಿತೆಯ ಮಸೂದೆಯಲ್ಲಿ ಇದ್ದುದೇ, ಆಗಿನ ಕಾನೂನಿನಲ್ಲಿ ಅದು ಇರಲಿಲ್ಲವೆಂಬುದನ್ನು ತೋರಿಸುತ್ತದೆ.

2. ಸಿಜಿಪಿ ಕಂಪನಿಯ ಷೇರು ಇರುವ ಸ್ಥಳ ಕೇಮನ್ ದ್ವೀಪಗಳೇ ಹೊರತು ಭಾರತವಲ್ಲ.

3. ಕಂಪನಿಯ ಹತೋಟಿಯೆಂಬುದು ಷೇರುಗಳ ಒಡೆತನದೊಂದಿಗೆ ಬರುವ ಗುಣ. ಅದನ್ನು ಷೇರಿನಿಂದ ಬೇರ್ಪಡಿಸಿ ಪ್ರತ್ಯೇಕ ಆಸ್ತಿಯೆಂದು ಎಣಿಸಲಾಗದು.

4. ವ್ಯವಹಾರವನ್ನು ಬಿಡಿಬಿಡಿಯಾಗಿ ಸೀಳಿ ನೋಡದೆ ಇಡಿಯಾಗಿ ನೋಡಬೇಕು. ಅದು ಸೋಗಿನ ವ್ಯವಹಾರವೋ ತೆರಿಗೆ ತಪ್ಪಿಸಲೆಂದೇ ಹೂಡಿದ ತಂತ್ರವೋ ಆಗಿದ್ದರೆ ಮಾತ್ರ ಕಂಪನಿಯ ಮುಸುಕನ್ನು ಸರಿಸಬಹುದು. ಹಾಗೆಂದು ಸಾಬೀತುಪಡಿಸುವ ಹೊಣೆ ಇಲಾಖೆಯದು.

ಸೋಗಿನ ರಚನೆಯನ್ನು ನಿಜವಾದ ಹೂಡಿಕೆಯಿಂದ ಬೇರ್ಪಡಿಸಲು ನ್ಯಾಯಾಲಯವು ಕೆಲವು ಅಂಶಗಳನ್ನು ಸೂಚಿಸಿತು. ಹೂಡಿಕೆಯಲ್ಲಿ ನಿಜವಾದ ಸಹಭಾಗಿತ್ವ ಇತ್ತೇ, ಹಿಡುವಳಿ ರಚನೆ ಎಷ್ಟು ಕಾಲದಿಂದ ಇದೆ, ಭಾರತದಲ್ಲಿ ಎಷ್ಟು ವರ್ಷ ವ್ಯಾಪಾರ ನಡೆದಿದೆ, ಇಲ್ಲಿ ತೆರಿಗೆಗೆ ಒಳಪಡುವ ಆದಾಯ ಬಂದಿದೆಯೇ, ಹೂಡಿಕೆದಾರರು ಯಾವಾಗ ಹೊರನಡೆದರು, ಅವರು ಹೊರನಡೆದ ಮೇಲೂ ವ್ಯಾಪಾರ ಮುಂದುವರಿಯಿತೇ ಎಂಬುವೇ ಆ ಆರು ಅಂಶಗಳು. ಹಚಿಸನ್‌ನ ರಚನೆ 1990ರ ದಶಕದಿಂದಲೂ ಇದ್ದು, ಅದರ ಭಾರತೀಯ ಕಂಪನಿ ತೆರಿಗೆ ಪಾವತಿಸುತ್ತಿದ್ದುದರಿಂದ ಇದು ಸೋಗಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು.

ತೆರಿಗೆ ಕಾನೂನಿನಲ್ಲಿ ನಿಶ್ಚಿತತೆಯು ಕಾನೂನಿನ ಆಳ್ವಿಕೆಯ ಅಂಗವೆಂಬ ವಿಚಾರ ತೀರ್ಪಿನಲ್ಲಿ ಪ್ರಮುಖವಾಗಿ ಕಾಣುತ್ತದೆ. ಹೂಡಿಕೆದಾರರು ತಮ್ಮ ಹೊಣೆ ಏನೆಂಬುದನ್ನು ಮುಂಚಿತವಾಗಿ ಅರಿಯುವಂತಿರಬೇಕು ಎಂಬುದು ಇದರ ತಾತ್ಪರ್ಯ. ಠೇವಣಿ ಇಟ್ಟ 2,500 ಕೋಟಿ ರೂಪಾಯಿಗಳನ್ನು ಶೇ. 4ರ ಬಡ್ಡಿಯೊಂದಿಗೆ ಹಿಂದಿರುಗಿಸಲು ನ್ಯಾಯಾಲಯ ಆದೇಶಿಸಿತು. ಸರ್ಕಾರದ ಪುನರ್ವಿಮರ್ಶಾ ಅರ್ಜಿ 2012ರ ಮಾರ್ಚ್ 20ರಂದು ವಜಾಗೊಂಡಿತು.

2012ರ ಪೂರ್ವಾನ್ವಯ ತಿದ್ದುಪಡಿ

ಪುನರ್ವಿಮರ್ಶಾ ಅರ್ಜಿ ಇತ್ಯರ್ಥವಾಗುವುದಕ್ಕೆ ನಾಲ್ಕು ದಿನ ಮೊದಲು, 2012ರ ಮಾರ್ಚ್ 16ರಂದು, ಅಂದಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಅವರು ಮಂಡಿಸಿದ ಮುಂಗಡಪತ್ರದೊಂದಿಗೆ ಹಣಕಾಸು ಮಸೂದೆಯೂ ಸಂಸತ್ತಿನ ಮುಂದೆ ಬಂದಿತು. ಮೇ 28ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯಿದೆಯು 9ನೆಯ ಸೆಕ್ಷನ್ನಿಗೆ ಹೊಸ ವಿವರಣೆಗಳನ್ನು ಸೇರಿಸಿತು. ಹೊರದೇಶದ ಕಂಪನಿಯ ಷೇರು ತನ್ನ ಮೌಲ್ಯದ ಗಣನೀಯ ಭಾಗವನ್ನು ಭಾರತದಲ್ಲಿರುವ ಆಸ್ತಿಯಿಂದ ಪಡೆಯುತ್ತಿದ್ದರೆ, ಆ ಷೇರು ಭಾರತದಲ್ಲಿಯೇ ಇದೆಯೆಂದು ಪರಿಗಣಿಸತಕ್ಕದ್ದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಭಾರತದಲ್ಲಿ ವಾಸವಾಗಲಿ ಕಚೇರಿಯಾಗಲಿ ಇಲ್ಲದ ಅನಿವಾಸಿಗಳಿಗೂ ತೆರಿಗೆ ಕಡಿತದ ಹೊಣೆ ಅನ್ವಯಿಸುತ್ತದೆ ಎಂದು 195ನೆಯ ಸೆಕ್ಷನ್ನಿಗೂ ವಿವರಣೆ ಸೇರಿತು. 9ನೆಯ ಸೆಕ್ಷನ್ನಿನ ಈ ವಿವರಣೆಗಳಿಗೂ 195ನೆಯ ಸೆಕ್ಷನ್ನಿನ ವಿವರಣೆಗೂ 1962ರ ಏಪ್ರಿಲ್ 1ರಿಂದಲೇ, ಅಂದರೆ ಮೂಲ ಕಾಯಿದೆ ಜಾರಿಗೆ ಬಂದ ದಿನದಿಂದಲೇ, ಪರಿಣಾಮ ನೀಡಲಾಯಿತು. ನ್ಯಾಯಾಲಯಗಳ ತೀರ್ಪು ಏನೇ ಇದ್ದರೂ ಹಿಂದಿನ ತೆರಿಗೆ ಬೇಡಿಕೆಗಳು ಸಿಂಧು ಎಂದು ಘೋಷಿಸುವ ಸೆಕ್ಷನ್ನೊಂದನ್ನೂ ಹಣಕಾಸು ಕಾಯಿದೆ ಒಳಗೊಂಡಿತ್ತು.

ಸಂಸತ್ತಿಗೆ ಇಂಥ ಶಾಸನ ಮಾಡುವ ಅಧಿಕಾರ ತಾತ್ವಿಕವಾಗಿ ಇದೆ. ಸಂವಿಧಾನದ 20ನೆಯ ಅನುಚ್ಛೇದವು ನಿಷೇಧಿಸುವುದು ಅಪರಾಧ ಮತ್ತು ಶಿಕ್ಷೆಗೆ ಸಂಬಂಧಿಸಿದ ಪೂರ್ವಾನ್ವಯ ಕಾನೂನುಗಳನ್ನು ಮಾತ್ರ. ತೆರಿಗೆಗೆ ಆ ನಿಷೇಧವಿಲ್ಲ. ತೀರ್ಪಿಗೆ ಆಧಾರವಾದ ಕಾನೂನಿನ ಕೊರತೆಯನ್ನು ನಿವಾರಿಸಿ ಹಳೆಯ ತೆರಿಗೆಯನ್ನು ಸಿಂಧುಗೊಳಿಸಲು ಶಾಸಕಾಂಗಕ್ಕೆ ಅವಕಾಶವಿದೆ, ಆದರೆ ತೀರ್ಪು ತನಗೆ ಅನ್ವಯಿಸದು ಎಂದು ಬರಿದೆ ಘೋಷಿಸಿಕೊಳ್ಳಲು ಅವಕಾಶವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿತ್ತು. ಆದ್ದರಿಂದ 2012ರ ನಂತರದ ಚರ್ಚೆಯು ಸಂಸತ್ತಿಗೆ ಅಧಿಕಾರವಿದೆಯೇ ಎಂಬುದಕ್ಕಿಂತ ಹೆಚ್ಚಾಗಿ, ಆ ಅಧಿಕಾರವನ್ನು ಹೀಗೆ ಬಳಸುವುದು ನ್ಯಾಯವೇ ಎಂಬುದನ್ನು ಕುರಿತದ್ದಾಗಿತ್ತು.

ಪರ ಮತ್ತು ವಿರೋಧ ವಾದಗಳು

ತಿದ್ದುಪಡಿಯು ಹೊಸ ತೆರಿಗೆಯನ್ನು ಹೇರುತ್ತಿಲ್ಲ, ಮೊದಲಿನಿಂದಲೂ ಇದ್ದ ಶಾಸಕಾಂಗದ ಆಶಯವನ್ನು ಸ್ಪಷ್ಟಪಡಿಸುತ್ತಿದೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಭಾರತದ ಗ್ರಾಹಕರಿಂದ ಮತ್ತು ಪರವಾನಗಿಗಳಿಂದ ಬೆಳೆದ ಸಂಪತ್ತಿನ ಲಾಭಕ್ಕೆ ಯಾವ ದೇಶದಲ್ಲಿಯೂ ತೆರಿಗೆ ಸಲ್ಲದೇ ಹೋಗುವುದು ಸರಿಯಲ್ಲ. ಸಣ್ಣ ವರ್ತಕ ತನ್ನ ಮಳಿಗೆ ಮಾರಿದರೆ ತೆರಿಗೆ ಕೊಡಬೇಕು, ದೊಡ್ಡ ಕಂಪನಿ ದ್ವೀಪದಲ್ಲಿ ಕಾಗದ ಬದಲಿಸಿಕೊಂಡರೆ ಕೊಡಬೇಕಿಲ್ಲ ಎಂಬುದು ಅಸಮಾನತೆ ಎಂದು ತಿದ್ದುಪಡಿಯನ್ನು ಬೆಂಬಲಿಸಿದವರು ವಾದಿಸುತ್ತಾರೆ.

ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗುವ ಬದಲಾವಣೆಯನ್ನು ಸ್ಪಷ್ಟೀಕರಣ ಎನ್ನಲಾಗದು ಎಂಬುದು ವಿರೋಧಿಗಳ ವಾದ. ಅವರ ಪ್ರಕಾರ ಪರೋಕ್ಷ ವರ್ಗಾವಣೆಗೆ ತೆರಿಗೆ ಹಾಕುವುದು ತಪ್ಪಲ್ಲ, ಮುಗಿದ ವ್ಯವಹಾರಕ್ಕೆ ಹಾಕುವುದು ತಪ್ಪು. ಬೆಲೆ ಪೂರ್ಣವಾಗಿ ಸಂದಾಯವಾದ ಮೇಲೆ, ಕೊಂಡವರು ಹಿಂದಿನ ದಿನಾಂಕಕ್ಕೆ ಹೋಗಿ ತೆರಿಗೆ ಕಡಿತ ಮಾಡಲು ಸಾಧ್ಯವೇ ಇಲ್ಲ. ಸರ್ಕಾರ ನೇಮಿಸಿದ ಪಾರ್ಥಸಾರಥಿ ಶೋಮ್ ನೇತೃತ್ವದ ಸಮಿತಿಯೂ 2012ರಲ್ಲಿ, ಪೂರ್ವಾನ್ವಯ ತಿದ್ದುಪಡಿಯನ್ನು ಅತಿ ವಿರಳ ಸಂದರ್ಭಗಳಲ್ಲಿ ಮಾತ್ರ ಬಳಸಬೇಕೆಂದು ಅಭಿಪ್ರಾಯಪಟ್ಟಿತು. 2014ರಲ್ಲಿ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಹೊಸ ಹೊಣೆ ಸೃಷ್ಟಿಸುವ ಪೂರ್ವಾನ್ವಯ ಬದಲಾವಣೆಯನ್ನು ಸರ್ಕಾರ ಸಾಮಾನ್ಯವಾಗಿ ತರದು ಎಂದು ಮುಂಗಡಪತ್ರ ಭಾಷಣದಲ್ಲಿ ಹೇಳಿದರಾದರೂ 2012ರ ತಿದ್ದುಪಡಿ ಹಾಗೆಯೇ ಉಳಿಯಿತು.

ಅಂತರರಾಷ್ಟ್ರೀಯ ಮಧ್ಯಸ್ಥಿಕೆ

ದೇಶದೊಳಗೆ ಕಾನೂನೇ ಬದಲಾಗಿದ್ದರಿಂದ ವೊಡಾಫೋನ್, ಭಾರತ ಮತ್ತು ನೆದರ್‌ಲೆಂಡ್ಸ್ ನಡುವಣ ದ್ವಿಪಕ್ಷೀಯ ಹೂಡಿಕೆ ಒಪ್ಪಂದದ ಮೊರೆಹೊಕ್ಕು 2014ರಲ್ಲಿ ಮಧ್ಯಸ್ಥಿಕೆ ಕೋರಿತು. ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ ರಚಿತವಾದ ನ್ಯಾಯಮಂಡಳಿಯು 2020ರ ಸೆಪ್ಟೆಂಬರ್ 25ರಂದು ತೀರ್ಪು ನೀಡಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಹೊರತಾಗಿಯೂ ತೆರಿಗೆಗೆ ಒತ್ತಾಯಿಸುವುದು, ಹೂಡಿಕೆದಾರರನ್ನು ನ್ಯಾಯಯುತವಾಗಿ ಮತ್ತು ಸಮಾನವಾಗಿ ನಡೆಸಿಕೊಳ್ಳಬೇಕೆಂಬ ಒಪ್ಪಂದದ ಭರವಸೆಗೆ ವಿರುದ್ಧವೆಂದು ಅದು ಹೇಳಿತು. ಭಾರತವು ಇದನ್ನು ಸಿಂಗಪುರದ ನ್ಯಾಯಾಲಯದಲ್ಲಿ ಪ್ರಶ್ನಿಸಿತು.

ಇದೇ ತಿದ್ದುಪಡಿಯಿಂದ ಉದ್ಭವಿಸಿದ ಇನ್ನೊಂದು ದೊಡ್ಡ ಪ್ರಕರಣ ಬ್ರಿಟನ್ನಿನ ಕೇರ್ನ್ ಎನರ್ಜಿ ಕಂಪನಿಯದು. 2006ರಲ್ಲಿ ನಡೆದ ಅದರ ಆಂತರಿಕ ಪುನರ್ರಚನೆಗೆ ಇಲಾಖೆಯು 2015ರಲ್ಲಿ 10,247 ಕೋಟಿ ರೂಪಾಯಿ ತೆರಿಗೆ ಕೇಳಿತು. ಅದರ ಷೇರುಗಳನ್ನು ಜಪ್ತಿ ಮಾಡಿ ಮಾರಿ, ಲಾಭಾಂಶವನ್ನೂ ವಶಪಡಿಸಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯು ಕೇರ್ನ್‌ಗೆ ಸುಮಾರು 1.2 ಶತಕೋಟಿ ಡಾಲರ್‌ಗಳನ್ನೂ ಬಡ್ಡಿ ಹಾಗೂ ವೆಚ್ಚವನ್ನೂ ಕೊಡುವಂತೆ ಭಾರತಕ್ಕೆ ಆದೇಶಿಸಿತು. ಹಣ ವಸೂಲಿಗಾಗಿ ಕೇರ್ನ್ ಹಲವು ದೇಶಗಳಲ್ಲಿ ಕ್ರಮ ಕೈಗೊಂಡಿತು. ಪ್ಯಾರಿಸ್‌ನಲ್ಲಿರುವ ಭಾರತ ಸರ್ಕಾರದ ಕೆಲವು ಆಸ್ತಿಗಳ ಜಪ್ತಿಗೆ ಫ್ರಾನ್ಸ್‌ನ ನ್ಯಾಯಾಲಯವೊಂದು ಅನುಮತಿ ನೀಡಿದ್ದು 2021ರ ಜುಲೈನಲ್ಲಿ ಬೆಳಕಿಗೆ ಬಂದಿತು.

2021ರ ಹಿಂತೆಗೆತ

2021ರ ಆಗಸ್ಟ್ 5ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ತೆರಿಗೆ ಕಾನೂನುಗಳ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ಉಭಯ ಸದನಗಳ ಒಪ್ಪಿಗೆ ಪಡೆದು ಆಗಸ್ಟ್ 13ರಂದು ಅದು ಕಾಯಿದೆಯಾಯಿತು. 2012ರ ಮೇ 28ಕ್ಕೆ ಮೊದಲು ನಡೆದ ಪರೋಕ್ಷ ವರ್ಗಾವಣೆಗಳಿಗೆ 2012ರ ವಿವರಣೆಯ ಆಧಾರದ ಮೇಲೆ ಇನ್ನು ಮುಂದೆ ತೆರಿಗೆ ಕೇಳತಕ್ಕದ್ದಲ್ಲ ಎಂದೂ, ಸಲ್ಲಿಸಿದ್ದ ಬೇಡಿಕೆಗಳು ಷರತ್ತುಗಳಿಗೆ ಒಳಪಟ್ಟು ರದ್ದಾಗುತ್ತವೆ ಎಂದೂ ಅದು ವಿಧಿಸಿತು. ಕಂಪನಿಗಳು ಎಲ್ಲ ಮೊಕದ್ದಮೆಗಳನ್ನು ಹಿಂಪಡೆಯಬೇಕು. ವೆಚ್ಚ, ನಷ್ಟಪರಿಹಾರ, ಬಡ್ಡಿ ಕೇಳಬಾರದು ಎಂಬುವು ಮುಖ್ಯ ಷರತ್ತುಗಳು. ವಸೂಲಾದ ತೆರಿಗೆಯನ್ನು ಬಡ್ಡಿಯಿಲ್ಲದೆ ಮರಳಿಸಲಾಗುವುದೆಂದು ಹೇಳಲಾಯಿತು.

ಮಸೂದೆಯೊಂದಿಗಿನ ಹೇಳಿಕೆಯಂತೆ ಒಟ್ಟು 17 ಪ್ರಕರಣಗಳಲ್ಲಿ ಇಂಥ ಬೇಡಿಕೆ ಸಲ್ಲಿಕೆಯಾಗಿತ್ತು. ನಾಲ್ಕು ಪ್ರಕರಣಗಳಲ್ಲಿ ವಸೂಲಾದ ಸುಮಾರು 8,100 ಕೋಟಿ ರೂಪಾಯಿಗಳಲ್ಲಿ ಸುಮಾರು 7,900 ಕೋಟಿ ಕೇರ್ನ್ ಒಂದರಿಂದಲೇ ಬಂದಿತ್ತು. ಷರತ್ತುಗಳನ್ನು ಒಪ್ಪಿದ ಕೇರ್ನ್‌ಗೆ 2022ರಲ್ಲಿ ಹಣ ಮರಳಿತು.

ಇಂದಿನ ಸ್ಥಿತಿ

2021ರ ಕಾಯಿದೆಯು ಪರೋಕ್ಷ ವರ್ಗಾವಣೆಯ ತೆರಿಗೆಯನ್ನೇ ರದ್ದುಪಡಿಸಿತೆಂಬುದು ತಪ್ಪು ತಿಳುವಳಿಕೆ. 2012ರ ಮೇ 28ರಂದು ಮತ್ತು ಅನಂತರ ನಡೆದ ವ್ಯವಹಾರಗಳಿಗೆ ತೆರಿಗೆ ಅನ್ವಯಿಸುತ್ತಲೇ ಇದೆ. 'ಗಣನೀಯ ಭಾಗ' ಎಂಬುದರ ಅರ್ಥವನ್ನು 2015ರ ಹಣಕಾಸು ಕಾಯಿದೆ ಖಚಿತಪಡಿಸಿತು: ಭಾರತದಲ್ಲಿರುವ ಆಸ್ತಿಯ ಮೌಲ್ಯ 10 ಕೋಟಿ ರೂಪಾಯಿಗಳನ್ನು ಮೀರಿರಬೇಕು ಹಾಗೂ ಕಂಪನಿಯ ಒಟ್ಟು ಆಸ್ತಿಯ ಕನಿಷ್ಠ ಶೇ. 50ರಷ್ಟಿರಬೇಕು. ಆಡಳಿತದ ಹಕ್ಕಿಲ್ಲದ, ಶೇ. 5ನ್ನು ಮೀರದ ಪಾಲು ಹೊಂದಿದ ಸಣ್ಣ ಷೇರುದಾರರಿಗೆ ವಿನಾಯಿತಿಯಿದೆ. ತೆರಿಗೆ ತಪ್ಪಿಸುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡ ವ್ಯವಹಾರಗಳನ್ನು ತಡೆಯುವ ಸಾಮಾನ್ಯ ನಿಯಮಗಳು 2017ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಭಾರತದ 2016ರ ಮಾದರಿ ಹೂಡಿಕೆ ಒಪ್ಪಂದವು ತೆರಿಗೆ ವಿಷಯಗಳನ್ನು ಮಧ್ಯಸ್ಥಿಕೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಈ ಕಾನೂನು ಕಾರ್ಯರೂಪಕ್ಕೆ ಬಂದ ಬಗೆಗೆ ಬೆಂಗಳೂರಿನಲ್ಲಿ ಬೆಳೆದ ಫ್ಲಿಪ್‌ಕಾರ್ಟ್ ನಿದರ್ಶನ. ಅದರ ಮಾತೃಸಂಸ್ಥೆ ನೋಂದಣಿಯಾದದ್ದು ಸಿಂಗಪುರದಲ್ಲಿ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 16 ಶತಕೋಟಿ ಡಾಲರ್ ವೆಚ್ಚದಲ್ಲಿ ಆ ಮಾತೃಸಂಸ್ಥೆಯ ಸುಮಾರು ಶೇ. 77ರಷ್ಟು ಪಾಲನ್ನು ಪಡೆದಾಗ, ಷೇರು ಮಾರಿದವರಿಗೆ ಸಲ್ಲಬೇಕಾದ ಹಣದಲ್ಲಿ 7,000 ಕೋಟಿ ರೂಪಾಯಿಗೂ ಮೀರಿದ ತೆರಿಗೆಯನ್ನು ಹಿಡಿದುಕೊಂಡು ಭಾರತ ಸರ್ಕಾರಕ್ಕೆ ಪಾವತಿಸಿತು. ವ್ಯವಹಾರದ ಸ್ವರೂಪ 2007ರದ್ದನ್ನೇ ಹೋಲುತ್ತಿತ್ತು. ಆದರೆ ಕೊಳ್ಳುವವರ ಹೊಣೆ ಏನೆಂಬುದು ಈ ಬಾರಿ ಹಣ ಕೈಬದಲಾಗುವ ಮೊದಲೇ ಶಾಸನದಲ್ಲಿ ಬರೆದಿತ್ತು.

ಕಾಲಾನುಕ್ರಮ

2007 ಫೆಬ್ರವರಿ 11: ವೊಡಾಫೋನ್ ಮತ್ತು ಹಚಿಸನ್ ನಡುವೆ ಒಪ್ಪಂದ
2007 ಸೆಪ್ಟೆಂಬರ್: ಆದಾಯ ತೆರಿಗೆ ಇಲಾಖೆಯ ನೋಟಿಸು
2010 ಸೆಪ್ಟೆಂಬರ್ 8: ಬಾಂಬೆ ಉಚ್ಚ ನ್ಯಾಯಾಲಯದಲ್ಲಿ ಇಲಾಖೆಗೆ ಜಯ
2012 ಜನವರಿ 20: ಸರ್ವೋಚ್ಚ ನ್ಯಾಯಾಲಯದಲ್ಲಿ ವೊಡಾಫೋನ್‌ಗೆ ಜಯ
2012 ಮೇ 28: ಪೂರ್ವಾನ್ವಯ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ
2020 ಸೆಪ್ಟೆಂಬರ್ 25: ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು
2021 ಆಗಸ್ಟ್ 13: ಪೂರ್ವಾನ್ವಯ ತೆರಿಗೆಯನ್ನು ಕೈಬಿಡುವ ಕಾಯಿದೆಗೆ ಅಂಕಿತ